ಮಾಸ್ಕೋದಲ್ಲಿ ಕಳೆದುಹೋದ ಮೆಕ್ಲೇನ್

2013ರ ಪ್ರೇಮಿಗಳ ದಿನದಂದು ಅಮೆರಿಕದಲ್ಲಿ ತೆರೆಗೆ ಬಂದ ‘ಎ ಗುಡ್ ಡೇ ಟು ಡೈ ಹಾರ್ಡ್’ ದುಡ್ಡಿನ ಲೆಕ್ಕದಲ್ಲಿ ಸೋತ ಚಿತ್ರವಲ್ಲ. ಸುಮಾರು ಒಂಬತ್ತು ಕೋಟಿ ಡಾಲರ್ ಖರ್ಚು ಮಾಡಿ ಜಗತ್ತಿನಾದ್ಯಂತ ಮೂವತ್ತು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಆದರೂ ‘ಡೈ ಹಾರ್ಡ್’ ಸರಣಿಯನ್ನು ಇಷ್ಟಪಟ್ಟವರ ಮುಂದೆ ಈ ಐದನೇ ಚಿತ್ರದ ಮಾತೆತ್ತಿದರೆ ಮುಖ ಸಿಂಡರಿಸುತ್ತಾರೆ. ವಯಸ್ಸಾದ ನಾಯಕ, ದುರ್ಬಲ ಚಿತ್ರಕಥೆ, ಅತಿಯಾದ ಸ್ಫೋಟ ಎಂದು ವಿಮರ್ಶಕರು ಆಗ ಹಲವು ಕಾರಣ ಕೊಟ್ಟರು. ಅವೆಲ್ಲ ನಿಜವೇ. ಆದರೆ ಮೂಲ ತೊಂದರೆ ಬೇರೆ. ನಾಯಕ ಜಾನ್ ಮೆಕ್ಲೇನ್‌ಗೆ ಈ ಚಿತ್ರದಲ್ಲಿ ನೋವೇ ಆಗುವುದಿಲ್ಲ.

ನೋವು ಈ ಸರಣಿಯ ಬಂಡವಾಳವಾಗಿತ್ತು. ಮೊದಲ ಚಿತ್ರ ಬಂದ 1988ರಲ್ಲೇ ಸಿಲ್ವೆಸ್ಟರ್ ಸ್ಟಲೋನ್‌ನ ಮೂರನೇ ‘ರ‍್ಯಾಂಬೊ’ ಕೂಡ ಬಂದಿತ್ತು. ಎಣ್ಣೆ ಹಚ್ಚಿದ ಮಾಂಸಖಂಡಗಳ ಕಾಲ ಅದು. ಅಂಥ ಹೊತ್ತಿನಲ್ಲಿ ನಿರ್ದೇಶಕ ಜಾನ್ ಮೆಕ್‌ಟೀರ್ನನ್ ಕೈಗೆ ಸಿಕ್ಕಿದ್ದು ‘ಮೂನ್‌ಲೈಟಿಂಗ್’ ಎಂಬ ಟಿ.ವಿ. ಧಾರಾವಾಹಿಯಲ್ಲಿ ನಗಿಸುತ್ತಿದ್ದ ಬ್ರೂಸ್ ವಿಲ್ಲಿಸ್. ಕಥೆಯ ಮೂಲ ರೋಡರಿಕ್ ಥಾರ್ಪ್ ಬರೆದ ಕಾದಂಬರಿ. ಅದರ ಹಿಂದಿನ ಕಾದಂಬರಿಯ ಚಿತ್ರದಲ್ಲಿ ಫ್ರಾಂಕ್ ಸಿನಾತ್ರಾ ನಟಿಸಿದ್ದರಿಂದ, ಪಾತ್ರವನ್ನು ಮೊದಲು ಎಪ್ಪತ್ತು ದಾಟಿದ್ದ ಅವರಿಗೇ ಕೊಡಬೇಕಾಗಿ ಬಂತಂತೆ! ಅವರು ಒಲ್ಲೆ ಎಂದದ್ದು ಎಲ್ಲರಿಗೂ ಒಳ್ಳೆಯದೇ ಆಯಿತು.

ಆ ಚಿತ್ರದ ಮೆಕ್ಲೇನ್ ಮುನಿಸಿಕೊಂಡ ಹೆಂಡತಿಯನ್ನು ಕ್ರಿಸ್‌ಮಸ್ ಮುನ್ನಾದಿನ ನೋಡಲು ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಬಂದ ಪೊಲೀಸ. ವಿಮಾನದಲ್ಲಿ ಪಕ್ಕದವನು ಹೇಳಿದ ಉಪಾಯದಂತೆ ಬೂಟು ಬಿಚ್ಚಿ, ಬರಿಗಾಲಲ್ಲಿ ಜಮಖಾನದ ಮೇಲೆ ಬೆರಳು ಮಡಚುತ್ತಿರುವಾಗಲೇ ಹೊರಗೆ ಗುಂಡಿನ ಸದ್ದು ಕೇಳುತ್ತದೆ. ಇಡೀ ಚಿತ್ರ ಆ ಬರಿಗಾಲಿನ ಮೇಲೆ ನಿಂತಿದೆ. ನಕಟೋಮಿ ಕಟ್ಟಡದಲ್ಲಿ ಜನರನ್ನು ಒತ್ತೆ ಹಿಡಿದ ಖಳನಾಯಕ ಹಾನ್ಸ್ ಗ್ರೂಬರ್ ಅದನ್ನು ಗಮನಿಸಿ, ಸುತ್ತಲಿನ ಗಾಜಿಗೆ ಗುಂಡು ಹೊಡೆಯಲು ಸಂಗಡಿಗನಿಗೆ ಹೇಳುತ್ತಾನೆ. ಆಮೇಲೆ ಮೆಕ್ಲೇನ್ ಶೌಚಾಲಯದಲ್ಲಿ ಕೂತು ಪಾದದಿಂದ ಗಾಜಿನ ಚೂರು ಕೀಳುತ್ತ, ಮುಖ ಕಂಡಿರದ, ಕಟ್ಟಡದ ಹೊರಗಿದ್ದ ಪೊಲೀಸ್ ಸಾರ್ಜೆಂಟ್ ಪೊವೆಲ್‌ನ ಜೊತೆ ವೈರ್‌ಲೆಸ್‌ನಲ್ಲಿ ಮಾತಾಡುತ್ತ, ತಾನು ಸತ್ತರೆ ಹೆಂಡತಿಗೆ ಕ್ಷಮೆ ಕೇಳಿದ್ದೆನೆಂದು ತಿಳಿಸು ಎನ್ನುತ್ತಾನೆ. ಆ್ಯಕ್ಷನ್ ಚಿತ್ರದ ನಾಯಕ ಹೀಗೆ ಹೆದರಿ ಕೂತದ್ದನ್ನು ಪ್ರೇಕ್ಷಕರು ಅಷ್ಟಾಗಿ ಕಂಡಿರಲಿಲ್ಲ. ಗ್ರೂಬರ್ ಆಗಿ ನಟಿಸಿದ ಅಲನ್ ರಿಕ್‌ಮನ್‌ಗೆ ಅದು ಮೊದಲ ಸಿನಿಮಾ ಎಂಬುದನ್ನು ಇವತ್ತಿಗೂ ನಂಬುವುದು ಕಷ್ಟ.

ಮುಂದಿನ ಭಾಗಗಳೂ ಈ ಸೂತ್ರವನ್ನು ಹೆಚ್ಚುಕಡಿಮೆ ಕಾಪಾಡಿಕೊಂಡವು. 1995ರ ಮೂರನೆಯದರಲ್ಲಿ ಮೆಕ್ಲೇನ್ ಅಮಾನತಾಗಿ, ಹಿಂದಿನ ದಿನದ ಕುಡಿತದ ತಲೆನೋವಿನಲ್ಲಿ ನ್ಯೂಯಾರ್ಕ್ ತುಂಬ ಓಡಾಡುತ್ತ ಆಸ್ಪಿರಿನ್ ಬೇಡುತ್ತಾನೆ. ಕೊನೆಗೆ ಖಳನ ಅಡಗುದಾಣದ ಸುಳಿವು ಸಿಗುವುದೂ ಆಸ್ಪಿರಿನ್ ಸೀಸೆಯ ತಳದಲ್ಲೇ. ತಲೆನೋವನ್ನೂ ಕಥೆಗೆ ದುಡಿಸಿಕೊಂಡ ಜಾಣತನ ಅದು. 2007ರ ನಾಲ್ಕನೆಯದರಲ್ಲಿ ಯುದ್ಧವಿಮಾನದ ಬೆನ್ನ ಮೇಲೆ ಜಿಗಿದಾಗಲೇ ಅಳತೆ ತಪ್ಪಿತ್ತು. ಆದರೂ ಕಂಪ್ಯೂಟರ್ ಹುಡುಗನ ಪಕ್ಕ ಕೂತು, ಹೀರೋ ಎನಿಸಿಕೊಂಡವನಿಗೆ ಕೊನೆಗೆ ದಕ್ಕುವುದು ವಿಚ್ಛೇದನ ಮತ್ತು ಒಂಟಿ ಊಟ ಎಂದು ಗೊಣಗುವ ಮನುಷ್ಯ ಅಲ್ಲಿ ಉಳಿದಿದ್ದ.

ಐದನೆಯದರಲ್ಲಿ ಜಾನ್ ಮೂರ್ ನಿರ್ದೇಶನದಡಿ ಮೆಕ್ಲೇನ್ ಮಾಸ್ಕೋಗೆ ಹಾರುತ್ತಾನೆ. ಚಿತ್ರೀಕರಣ ಬಹುಪಾಲು ನಡೆದದ್ದು ಬುಡಾಪೆಸ್ಟ್‌ನಲ್ಲಿ. ಮಗ ಜ್ಯಾಕ್ ಕೊಲೆ ಆರೋಪದ ಮೇಲೆ ಸೆರೆಯಲ್ಲಿದ್ದಾನೆ; ಅವನು ಸಿಐಎ ಗೂಢಚಾರ ಎಂಬುದು ಅಪ್ಪನಿಗೆ ಗೊತ್ತಿಲ್ಲ. ಅಪ್ಪ ನಡುವೆ ಬಾಯಿ ಹಾಕಿದ್ದರಿಂದಲೇ ಮಗ ವರ್ಷಗಟ್ಟಲೆ ಹೆಣೆದ ಕಾರ್ಯಾಚರಣೆ ಹಳ್ಳ ಹಿಡಿಯುತ್ತದೆ. ಎಂಥ ಒಳ್ಳೆಯ ಎಳೆ! ಹೋದಲ್ಲೆಲ್ಲ ಗೆದ್ದ ಅಪ್ಪ ಇಲ್ಲಿ ಮಗನ ಬದುಕಿಗೆ ಅಡ್ಡಿಯಾದ ಕಥೆಯನ್ನು ಇದರಿಂದಲೇ ಬೆಳೆಸಬಹುದಿತ್ತು. ಚಿತ್ರಕಥೆ ಬರೆದ ಸ್ಕಿಪ್ ವುಡ್ಸ್ ಆ ಎಳೆಯನ್ನು ನಾಲ್ಕು ಕೊಂಕು ಮಾತಿಗೆ ಮುಗಿಸಿ, ಮತ್ತೆ ಬಂದೂಕಿನ ಕಡೆ ತಿರುಗುತ್ತಾರೆ.

ಮಾಸ್ಕೋ ಬೀದಿಯ ಕಾರ್ ಬೆನ್ನಟ್ಟುವಿಕೆಯಲ್ಲಿ ಒಂದು ಸಣ್ಣ ಘಳಿಗೆ ಇದೆ. ತನ್ನ ಕಾರಿಗೆ ಅಡ್ಡ ಬಂದ ಮೆಕ್ಲೇನ್‌ನನ್ನು ರಷ್ಯನ್ನನೊಬ್ಬ ಬೈಯುತ್ತಾನೆ. ನಿನ್ನ ಭಾಷೆ ನನಗೆ ತಿಳಿಯುತ್ತದೆಂದುಕೊಂಡೆಯಾ ಎಂದು ಮೆಕ್ಲೇನ್ ಅವನ ಮುಖಕ್ಕೆ ಗುದ್ದಿ, ಗಾಡಿ ಕಿತ್ತುಕೊಂಡು ಹೋಗುತ್ತಾನೆ. ಚಿತ್ರ ಇದನ್ನು ತಮಾಷೆ ಎಂದುಕೊಂಡಿದೆ. ನಕಟೋಮಿ ಕಟ್ಟಡದ ಒತ್ತೆಯಾಳುಗಳಿಗಾಗಿ ಹರಿದ ಪಾದದಲ್ಲಿ ಓಡಿದವನು ಆಫೀಸಿಗೋ ಮನೆಗೋ ಹೊರಟ ಬಡಪಾಯಿಯನ್ನು ಹೊಡೆಯುತ್ತಾನೆಂದರೆ, ಬರೆದವರಿಗೆ ಆ ಪಾತ್ರದ ಪರಿಚಯವೇ ಇರಲಿಲ್ಲ ಅನ್ನಬೇಕು. ಮೇಲಾಗಿ ಕಾರು ಉರುಳಿ ಬಿದ್ದರೂ, ಎತ್ತರದ ಕಿಟಕಿ ಒಡೆದು ಕೆಳಕ್ಕೆ ಹಾರಿದರೂ ಅವನು ಮೈ ಕೊಡವಿ ಎದ್ದು ನಿಲ್ಲುತ್ತಾನೆ. ತಾನು ರಜೆಯಲ್ಲಿದ್ದೇನೆ ಎಂದು ಮತ್ತೆ ಮತ್ತೆ ಗೊಣಗುತ್ತಾನೆ. ಅವನು ಬಂದದ್ದು ರಜೆಗಲ್ಲ, ಮಗನಿಗಾಗಿ!

ಕೊನೆಯ ಭಾಗ ಚೆರ್ನೋಬಿಲ್‌ನಲ್ಲಿ ನಡೆಯುತ್ತದೆ. ಅದು ಉಕ್ರೇನ್‌ನಲ್ಲಿದೆ, ಮಾಸ್ಕೋದಿಂದ 600 ಕಿಲೋಮೀಟರಿಗೂ ದೂರ, ನಡುವೆ ಒಂದು ಅಂತರರಾಷ್ಟ್ರೀಯ ಗಡಿ. ಡಿಕ್ಕಿ ತುಂಬ ಬಂದೂಕು ಹೇರಿಕೊಂಡ ಅಪ್ಪ–ಮಗನ ಕಾರಿಗೆ ಇದಾವುದೂ ಲೆಕ್ಕಕ್ಕಿಲ್ಲ. 1986ರ ದುರಂತದ ವಿಕಿರಣವನ್ನು ಹೋಗಲಾಡಿಸುವ ಅನಿಲವೂ ಖಳರ ಬಳಿ ಇದೆ. ಆಮೇಲೆ ರಕ್ಷಣಾ ಉಡುಪು ಕಳಚಿಟ್ಟು ಹಾಯಾಗಿ ಹೊಡೆದಾಡಬಹುದು. ಇಂಥ ಅಸಾಧ್ಯವನ್ನು ಹಳೆಯ ಮೆಕ್ಲೇನ್ ಕಂಡಿದ್ದರೆ ಅವನೇ ಮೊದಲು ಗೇಲಿ ಮಾಡುತ್ತಿದ್ದ.

ಖಳರ ವಿಷಯದಲ್ಲಿ ಚಿತ್ರ ಇನ್ನೂ ಬಡವಾಗಿದೆ. ಒಬ್ಬ ಗಜ್ಜರಿ ಕಡಿಯುತ್ತ ತನ್ನ ನೃತ್ಯದ ಹಳೆಯ ಕನಸು ಹೇಳಿಕೊಳ್ಳುತ್ತಾನೆ, ಅಷ್ಟೆ. ‘ದಿ ಲೈವ್ಸ್ ಆಫ್ ಅದರ್ಸ್’ನಲ್ಲಿ ಮನಸೆಳೆದ ಸೆಬಾಸ್ಟಿಯನ್ ಕಾಕ್ ಅವರಂಥ ನಟನಿಗೂ ಇಲ್ಲಿ ತಿರುವು ಕೊಟ್ಟು ಸಾಯುವುದಷ್ಟೇ ಕೆಲಸ.

ನಾಲ್ಕನೇ ಚಿತ್ರವನ್ನು ಚಿಕ್ಕ ವಯಸ್ಸಿನವರೂ ನೋಡುವಂತೆ ಮೆತ್ತಗೆ ಮಾಡಿದ್ದಕ್ಕೆ ಅಭಿಮಾನಿಗಳು ಮುನಿದಿದ್ದರು. ಹಾಗಾಗಿ ಐದನೆಯದರಲ್ಲಿ ಬೈಗುಳ, ರಕ್ತ ಎರಡೂ ವಾಪಸು ಬಂದವು. ಸ್ಟುಡಿಯೊ ದೂರನ್ನು ಕೇಳಿಸಿಕೊಂಡಿತು, ಅರ್ಥ ಮಾಡಿಕೊಳ್ಳಲಿಲ್ಲ. ಮುಂದೆ ಹೊರಬಂದ ವಿಸ್ತೃತ ಆವೃತ್ತಿಯಲ್ಲಂತೂ ಮಗಳು ಲೂಸಿಯ ದೃಶ್ಯಗಳನ್ನೇ ಕತ್ತರಿಸಿದರು. ಕುಟುಂಬದ ಕಥೆ ಎಂದು ಹೇಳಿಕೊಂಡ ಚಿತ್ರದಲ್ಲಿ ಹೆಂಡತಿ ಮೊದಲೇ ಇರಲಿಲ್ಲ.

ಆರನೆಯ ಭಾಗದ ಮಾತು ಕೆಲವು ವರ್ಷ ನಡೆಯಿತು. ಡಿಸ್ನಿ 2019ರಲ್ಲಿ ಫಾಕ್ಸ್ ಸ್ಟುಡಿಯೊವನ್ನು ಕೊಂಡ ಮೇಲೆ ಆ ಯೋಜನೆ ಮುಂದುವರಿಯಲಿಲ್ಲ. 2022ರಲ್ಲಿ ಅನಾರೋಗ್ಯದಿಂದ ವಿಲ್ಲಿಸ್ ನಟನೆಯಿಂದಲೇ ಹಿಂದೆ ಸರಿದರು. ಹೀಗಾಗಿ ಸಿನಿಮಾ ಪರದೆಯ ಮೇಲೆ ಮೆಕ್ಲೇನ್‌ನ ಕೊನೆಯ ಸಾಹಸ ಚೆರ್ನೋಬಿಲ್‌ನದೇ ಆಯಿತು. ಆದರೆ 2020ರಲ್ಲಿ ಡೈಹಾರ್ಡ್ ಎಂಬ ಹೆಸರಿನ ಕಾರ್ ಬ್ಯಾಟರಿಯ ಜಾಹೀರಾತಿಗಾಗಿ ವಿಲ್ಲಿಸ್ ಮತ್ತೊಮ್ಮೆ ಆ ಪಾತ್ರ ಮಾಡಿದ್ದರು. ಎರಡು ನಿಮಿಷದ ಆ ತುಣುಕಿನಲ್ಲಿ ಅವರು ಗಾಳಿಕೊಳವೆಯೊಳಗೆ ತೆವಳುತ್ತಾರೆ, ಮೊದಲ ಚಿತ್ರದ ಕಾರು ಚಾಲಕ ಆರ್ಗೈಲ್ ಅವರಿಗಾಗಿ ಬರುತ್ತಾನೆ. ಮಾಸ್ಕೋ ಚಿತ್ರದ 98 ನಿಮಿಷಕ್ಕಿಂತ ಹಳೆಯ ಮೆಕ್ಲೇನ್ ಅದರಲ್ಲೇ ಹೆಚ್ಚು ಕಾಣಸಿಗುತ್ತಾನೆ.