ಮುಖ ಕೆಂಪೇರುವುದು ತಪ್ಪೇ?

ಉತ್ತರ ಬಲ್ಲ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಎದ್ದು ನಿಂತೊಡನೆ ಮುಖವೆಲ್ಲ ಕೆಂಪೇರುವುದನ್ನೂ, ಪಕ್ಕದ ಬೆಂಚಿನವರು "ನೋಡ್ರೋ, ಕೆಂಪಗಾದ!" ಎಂದು ನಗುವುದನ್ನೂ ನಾವು ಅನೇಕ ಸಲ ಕಂಡಿದ್ದೇವೆ. ಮರುದಿನದಿಂದ ಅವನು ಏಳುವುದನ್ನೇ ಬಿಡುತ್ತಾನೆ. "ನಾಚಿಕೆಯ ಸ್ವಭಾವ, ದೊಡ್ಡವನಾದರೆ ಸರಿಹೋಗುತ್ತದೆ" ಎಂದು ಹಿರಿಯರು ಹೇಳುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು.

ಈ ಕೆಂಪಿಗೆ ಕಾರಣವೇನು? ಸಂಕೋಚವುಂಟಾದಾಗ ನಮ್ಮ ಇಚ್ಛೆಗೆ ಒಳಪಡದ ಸಿಂಪಥೆಟಿಕ್ ನರಮಂಡಲವು ಕೆರಳುತ್ತದೆ. ಮುಖದ ಚರ್ಮದೊಳಗಿನ ಕಿರುರಕ್ತನಾಳಗಳು ಹಿಗ್ಗಿ, ಅಲ್ಲಿಗೆ ರಕ್ತವು ಹೆಚ್ಚಾಗಿ ಹರಿಯುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರು ಮತ್ತು ನೀಲಿ ಬೆಳಕನ್ನು ಬಹುಮಟ್ಟಿಗೆ ಹೀರಿಕೊಂಡು ಕೆಂಪನ್ನು ಉಳಿಸುವುದರಿಂದ ಕೆನ್ನೆ ಕೆಂಪಾಗಿ ತೋರುತ್ತದೆ. ಒಳಗಿನ ಬೆಚ್ಚನೆಯ ರಕ್ತ ಮೇಲ್ಮೈಗೆ ಬಂದುದರಿಂದ ಬಿಸಿಯೆನಿಸುತ್ತದೆ. ಕಪ್ಪು ಮೈಬಣ್ಣದವರಲ್ಲಿ ಚರ್ಮದ ಮೆಲನಿನ್ ಕೆಂಪನ್ನು ಮರೆಮಾಡುತ್ತದೆ, ಬಿಸಿಯನ್ನಲ್ಲ. ಆದುದರಿಂದ ನಮ್ಮ ನಾಡಿನಲ್ಲಿ ಹೊರಗೆ ಕಾಣದೆಯೇ ಈ ಕಷ್ಟವನ್ನು ಅನುಭವಿಸುವವರು ಇದ್ದಾರೆ.

ಚಾರ್ಲ್ಸ್ ಡಾರ್ವಿನ್ನನು 1872ರಲ್ಲಿ ಪ್ರಕಟಿಸಿದ, ಮಾನವರ ಹಾಗೂ ಪ್ರಾಣಿಗಳ ಭಾವಪ್ರಕಟಣೆಯನ್ನು ಕುರಿತ ಗ್ರಂಥದಲ್ಲಿ ಇದಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಇತರರು ನಮ್ಮನ್ನು ಏನೆಂದು ಭಾವಿಸುವರೋ ಎಂಬ ಯೋಚನೆಯೇ ಇದರ ಮೂಲವೆಂಬುದು ಅವನ ಅಭಿಪ್ರಾಯ. 2004ರಲ್ಲಿ ಆಸ್ಟ್ರೇಲಿಯದ ಪೀಟರ್ ಡ್ರಮಂಡ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ಮುಖದ ಒಂದೇ ಪಾರ್ಶ್ವವನ್ನು ದಿಟ್ಟಿಸಿ ನೋಡಿದಾಗ ಆ ಪಾರ್ಶ್ವದಲ್ಲಿಯೇ ರಕ್ತದ ಹರಿವು ಹೆಚ್ಚಿತು! ಅಂದಮೇಲೆ ಕೆಂಪೇರುವವನ ನರಗಳಷ್ಟೇ ಅಲ್ಲ, ನೋಡುವವರ ಕಣ್ಣುಗಳೂ ಇದರಲ್ಲಿ ಪಾಲುಗೊಂಡಿವೆ.

ಚಿಕಿತ್ಸೆಯಿಲ್ಲವೆಂದು ಯಾರೂ ನಿರಾಶರಾಗಬೇಕಾಗಿಲ್ಲ. ರೊಸೇಷಿಯಾ ಎಂಬ ಚರ್ಮರೋಗದಿಂದಲೂ ಕೆಲವು ಔಷಧಿಗಳಿಂದಲೂ ಮುಖ ಕೆಂಪಾಗುವುದುಂಟು. ಆದುದರಿಂದ ಮೊದಲು ವೈದ್ಯರಿಗೆ ತೋರಿಸತಕ್ಕದ್ದು. ಕೆಂಪೇರುವೆನೆಂಬ ಭಯವೇ ಮೂಲವಾಗಿದ್ದರೆ ಮನೋಚಿಕಿತ್ಸೆ ಉಪಯುಕ್ತವಾದುದು: ಗಮನವನ್ನು ತನ್ನ ಮುಖದಿಂದ ಎದುರಿನ ಕೆಲಸಕ್ಕೆ ತಿರುಗಿಸುವುದನ್ನೂ, ಅಂಜುವ ಸಂದರ್ಭಗಳನ್ನು ಮೆಲ್ಲಮೆಲ್ಲನೆ ಎದುರಿಸುವುದನ್ನೂ ಅಲ್ಲಿ ಕಲಿಸುತ್ತಾರೆ. ಕೆಲವರಿಗೆ ವೈದ್ಯರು ಬೀಟಾ ಬ್ಲಾಕರ್ ಮಾತ್ರೆಗಳನ್ನು ಕೊಡುವುದುಂಟು. ಉಬ್ಬಸವುಳ್ಳವರಿಗೆ ಅವು ಅಪಾಯಕರವಾಗಬಹುದಾದ್ದರಿಂದ ತಾವಾಗಿಯೇ ಕೊಂಡು ನುಂಗಬಾರದು. ಎದೆಯೊಳಗಿನ ಸಿಂಪಥೆಟಿಕ್ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಆದರೆ ಅನಂತರ ಬೆನ್ನು, ಹೊಟ್ಟೆಗಳಲ್ಲಿ ವಿಪರೀತ ಬೆವರುವವರು ಅನೇಕರು; ಕತ್ತರಿಸಿದ ನರವನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ. ಅದು ಕಟ್ಟಕಡೆಯ ಉಪಾಯವಾಗಿರಬೇಕೆಂದು ನಮ್ಮ ಅಭಿಪ್ರಾಯ.

ಕೆಂಪೇರುವ ವಿದ್ಯಾರ್ಥಿಗೆ ನಾವು ಹೇಳುವುದಿಷ್ಟೆ: ಕೆಂಪು ತಾನಾಗಿಯೇ ಇಳಿಯುತ್ತದೆ, ಉತ್ತರವನ್ನು ಅರ್ಧಕ್ಕೆ ನಿಲ್ಲಿಸಬೇಡ. ಅವನ ಸಹಪಾಠಿಗಳಿಗೂ, ನಮ್ಮಂತಹ ಅಧ್ಯಾಪಕರಿಗೂ ಹೇಳಬೇಕಾದುದು ಇನ್ನೊಂದಿದೆ. ಅವನು ಕಪ್ಪುಹಲಗೆಯ ಮುಂದೆ ನಿಂತಾಗ ನಾವು ನೋಡಬೇಕಾದುದು ಅವನು ಬಿಡಿಸುತ್ತಿರುವ ಲೆಕ್ಕವನ್ನೇ ಹೊರತು ಅವನ ಕೆನ್ನೆಯನ್ನಲ್ಲ.