‘ಕಾಯಂ’ ಎಂಬ ಪದಕ್ಕೆ ಐದು ವರ್ಷದ ಅವಧಿ

ಸಿಂಗಪುರದಲ್ಲಿ 2025ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ 180 ದಿನಗಳ ನಿಯಮವನ್ನು ರಿಯಾಯಿತಿಯೆಂದು ಓದುವುದು ಸುಲಭ, ಆದರೆ ಆ ಓದು ತಪ್ಪು. ಎಲ್ಲರ ಬಾಯಲ್ಲೂ ಪಿಆರ್ ಎಂದೇ ಓಡಾಡುವ ಅಲ್ಲಿನ ಕಾಯಂ ವಾಸದ ಸ್ಥಾನ ಎಂದೂ ಕಾಯಂ ಆಗಿರಲಿಲ್ಲ. ಹೊಸ ನಿಯಮ ಆ ಹಳೆಯ ಸತ್ಯವನ್ನು ದಿನಗಳ ಲೆಕ್ಕದಲ್ಲಿ ಬರೆದಿಟ್ಟಿದೆ, ಅಷ್ಟೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಿಂದ ಹೋಗಿ ಅಲ್ಲಿ ನೆಲೆಯೂರಬಯಸುವ ಕನ್ನಡ ಕುಟುಂಬಗಳು ಪಿಆರ್ ಸಿಗುತ್ತದೆಯೇ ಎಂಬ ಪ್ರಶ್ನೆಗೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಸಿಕ್ಕ ಮೇಲೆ ಅದು ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು ಕೇಳದೆ ಬಿಡುತ್ತವೆ. ಈ ವಿಷಯದ ಮೇಲೆ ಸಲಹೆ ಬರೆಯುವವರೂ ಅದನ್ನು ಕೇಳದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಪಿಆರ್ ಪಡೆದವರ ಕೈಯಲ್ಲಿ ನೀಲಿ ಬಣ್ಣದ ಗುರುತಿನ ಚೀಟಿ ಇರುತ್ತದೆ, ಪೌರರದ್ದು ಗುಲಾಬಿ. ಆದರೆ ಪಿಆರ್‌ನ ಜೀವ ಆ ಚೀಟಿಯಲ್ಲಿಲ್ಲ; ಅದು ಮರುಪ್ರವೇಶ ಪರವಾನಗಿಯಲ್ಲಿದೆ, ಅಂದರೆ ದೇಶ ಬಿಟ್ಟು ಹೋದವರು ಅದೇ ಸ್ಥಾನದಲ್ಲಿ ಹಿಂತಿರುಗಲು ಅನುಮತಿಸುವ, ಸಾಮಾನ್ಯವಾಗಿ ಐದು ವರ್ಷದ ಅವಧಿಯ, ಪ್ರತಿ ಬಾರಿಯೂ ಹೊಸದಾಗಿ ಕೇಳಿ ಪಡೆಯಬೇಕಾದ ಅನುಮತಿಯಲ್ಲಿದೆ. ಇದು ಮುಗಿದ ಸ್ಥಿತಿಯಲ್ಲಿ ಗಡಿಯಾಚೆ ಇದ್ದವರು ಹಿಂದೆ ಕೂಡಲೇ ಸ್ಥಾನ ಕಳೆದುಕೊಳ್ಳುತ್ತಿದ್ದರು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವಲಸೆ ತಿದ್ದುಪಡಿಯ ಪ್ರಕಾರ ಈಗ ಅವರಿಗೆ ಹೊಸ ಪರವಾನಗಿ ಕೇಳಲು 180 ದಿನಗಳಿವೆ, ಅಷ್ಟರೊಳಗೆ ಕೇಳದಿದ್ದರೆ ಅಥವಾ ಕೇಳಿಯೂ ನಿರಾಕರಣೆಯಾದರೆ ಪಿಆರ್ ಇಲ್ಲವಾಗುತ್ತದೆ. ಗಡುವು ಹಿಗ್ಗಿದೆ ನಿಜ, ಆದರೆ ನವೀಕರಣ ಕೊಡುವ, ಕಡಿಮೆ ಅವಧಿಗೆ ಕೊಡುವ, ಕೊಡದೇ ಇರುವ ವಿವೇಚನೆ ವಲಸೆ ಮತ್ತು ತಪಾಸಣಾ ಕೇಂದ್ರಗಳ ಪ್ರಾಧಿಕಾರದ ಕೈಯಲ್ಲಿ ಮೊದಲಿನಂತೆಯೇ ಉಳಿದಿದೆ.

ಈ ಚರ್ಚೆಯಲ್ಲಿ ಎಲ್ಲರೂ ಉಲ್ಲೇಖಿಸುವ ಅಂಕಿ ಒಂದೇ: ವರ್ಷಕ್ಕೆ ಎಷ್ಟು ಜನರಿಗೆ ಹೊಸದಾಗಿ ಪಿಆರ್ ಸಿಕ್ಕಿತು ಎಂಬುದು. 2023ರಲ್ಲಿ ಅದು 34,491. ಅದರ ಪಕ್ಕದಲ್ಲೇ, ಅದೇ ಸರ್ಕಾರಿ ವರದಿಯಲ್ಲಿ, ಇನ್ನೊಂದು ಅಂಕಿ ಕಣ್ಣೆದುರೇ ಇದ್ದರೂ ಯಾರೂ ನೋಡುವುದಿಲ್ಲ. ಸಿಂಗಪುರದಲ್ಲಿ 2010ರ ಜೂನ್‌ನಲ್ಲಿ ಸುಮಾರು 5.41 ಲಕ್ಷ ಪಿಆರ್‌ಗಳಿದ್ದರು. 2024ರ ಜೂನ್‌ನಲ್ಲಿ ಇದ್ದವರು ಸುಮಾರು 5.45 ಲಕ್ಷ. ಈ ಹದಿನಾಲ್ಕು ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ 30 ಸಾವಿರಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಆ ಸ್ಥಾನ ಕೊಡಲಾಗಿದೆ, ಅಂದರೆ ಒಟ್ಟು ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ ಒಳಗೆ ಬಂದಿದ್ದಾರೆ. ಆದರೂ ಮೊತ್ತ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಒಂದು ಕಡೆಯಿಂದ ನೀರು ಸುರಿಯುತ್ತಲೇ ಇದ್ದು ಕೆರೆಯ ಮಟ್ಟ ಏರದಿದ್ದರೆ ಕೋಡಿ ಎಲ್ಲಿ ಹರಿಯುತ್ತಿದೆ ಎಂದು ಹಳ್ಳಿಯ ನೀರುಗಂಟಿಯೂ ಕೇಳುತ್ತಾನೆ, ಆದರೆ ಪಿಆರ್ ಕುರಿತ ಲೇಖನಗಳಲ್ಲಿ ಆ ಪ್ರಶ್ನೆಯ ಸುಳಿವಿಲ್ಲ.

ಕೋಡಿ ಹರಿಯುವುದು ಎರಡು ದಿಕ್ಕಿಗೆ. ಒಂದು ಪೌರತ್ವದ ಕಡೆಗೆ: ವರ್ಷಕ್ಕೆ ಸರಾಸರಿ 20 ಸಾವಿರಕ್ಕೂ ಸ್ವಲ್ಪ ಹೆಚ್ಚು ಮಂದಿ ಹೊಸ ಪೌರರಾಗುತ್ತಾರೆ, 2023ರಲ್ಲಿ ಆ ಸಂಖ್ಯೆ 23,472 ಇತ್ತು, ಪೌರರ ಮಕ್ಕಳಾಗಿ ವಿದೇಶದಲ್ಲಿ ಹುಟ್ಟಿದವರು ಇದರಲ್ಲಿ ಸೇರಿದ್ದರೂ ದೊಡ್ಡ ಪಾಲು ಪಿಆರ್ ಆಗಿದ್ದು ಮುಂದಿನ ಮೆಟ್ಟಿಲೇರಿದವರದ್ದು. ಉಳಿಯುವ ವ್ಯತ್ಯಾಸ, ಸ್ಥೂಲವಾಗಿ ವರ್ಷಕ್ಕೆ ಹತ್ತು ಸಾವಿರದಷ್ಟು, ಪೌರರೂ ಆಗದೆ ಪಿಆರ್ ಆಗಿಯೂ ಎಣಿಕೆಯಲ್ಲಿ ಉಳಿಯದವರದ್ದು. ಇವರಲ್ಲಿ ಕೆಲವರು ತೀರಿಕೊಂಡವರು, ಕೆಲವರು ತಾವಾಗಿಯೇ ಸ್ಥಾನ ಬಿಟ್ಟುಕೊಟ್ಟವರು, ಕೆಲವರು ನವೀಕರಣ ಸಿಗದವರು. ಇದರ ಜೊತೆಗೆ 12 ತಿಂಗಳಿಗೂ ಹೆಚ್ಚು ಕಾಲ ಹೊರಗೇ ಇರುವವರನ್ನು ಅಲ್ಲಿನ ಜನಸಂಖ್ಯೆಯ ಎಣಿಕೆ ಬಿಟ್ಟುಬಿಡುತ್ತದೆ. ಕೋವಿಡ್ ಕಾಲದ 2021ರಲ್ಲಿ ಪಿಆರ್ ಮೊತ್ತ ಐದು ಲಕ್ಷದ ಕೆಳಗಿಳಿದು ಮರುವರ್ಷವೇ ಮೇಲೇರಿದ್ದರಲ್ಲಿ ಹೀಗೆ ಹೊರಗುಳಿದು ಹಿಂತಿರುಗಿದವರ ಪಾಲೂ ಇದೆ. ಹೊಸ 180 ದಿನಗಳ ನಿಯಮ ಮುಟ್ಟುವುದು ಈ ಗುಂಪಿನ ಅಂಚಿನಲ್ಲಿರುವವರನ್ನೇ: ಮುಪ್ಪಿನ ತಂದೆತಾಯಿಯನ್ನು ನೋಡಿಕೊಳ್ಳಲು ಊರಿಗೆ ಬಂದು ಒಂದು ವರ್ಷ, ಎರಡು ವರ್ಷ ಉಳಿದುಬಿಡುವವರನ್ನು, ಕಂಪನಿ ದುಬೈಗೋ ಲಂಡನ್ನಿಗೋ ವರ್ಗ ಮಾಡಿದವರನ್ನು.

ಹೀಗೆ ನೋಡಿದಾಗ ಪಿಆರ್ ಎಂಬುದು ಜಗಲಿಗೆ ಸಮಾನವಾದ ಸ್ಥಾನ. ಜಗಲಿಯಲ್ಲಿ ಕೂತವರು ಒಂದೋ ಹೊಸಿಲು ದಾಟಿ ಒಳಗೆ ಹೋಗುತ್ತಾರೆ, ಇಲ್ಲವೇ ಮೆಟ್ಟಿಲಿಳಿದು ಹೊರಡುತ್ತಾರೆ. ಜಗಲಿಯಲ್ಲೇ ಬಾಳಿಡೀ ಕಳೆಯುವವರು ಇದ್ದರೂ ಮನೆಯನ್ನು ಕಟ್ಟಿದ್ದು ಅವರಿಗಾಗಿ ಅಲ್ಲ.

ಜಗಲಿಗೆ ಎಷ್ಟು ಮಂದಿಯನ್ನು ಬಿಡಬೇಕೆಂಬುದೂ ಸರ್ಕಾರದ ವಿವೇಚನೆಯೇ, ಅದಕ್ಕೆ ಪೂರ್ವನಿದರ್ಶನವೂ ಇದೆ. 2008ರಲ್ಲಿ 79,167 ಮಂದಿಗೆ ಪಿಆರ್ ಸಿಕ್ಕಿತು, 2009ರಲ್ಲಿ 59,460 ಮಂದಿಗೆ, 2010ರಲ್ಲಿ 29,265 ಮಂದಿಗೆ. ಎರಡೇ ವರ್ಷದಲ್ಲಿ ಬಾಗಿಲು ಮೂರನೇ ಒಂದಕ್ಕಿಂತ ಸ್ವಲ್ಪವೇ ಹೆಚ್ಚು ಎನ್ನುವಷ್ಟಕ್ಕೆ ಕಿರಿದಾಯಿತು, ಮತ್ತು ಅದಕ್ಕೆ ಅರ್ಹತೆಯ ಯಾವ ಅಂಕಪಟ್ಟಿಯನ್ನೂ ತಿದ್ದಬೇಕಾಗಲಿಲ್ಲ, ಏಕೆಂದರೆ ಪ್ರಕಟಿತ ಅಂಕಪಟ್ಟಿಯೇ ಇಲ್ಲ. ಉದ್ಯೋಗದ ಪರವಾನಗಿಯಾದ ಎಂಪ್ಲಾಯ್‌ಮೆಂಟ್ ಪಾಸ್‌ಗೆ 2023ರ ಸೆಪ್ಟೆಂಬರ್‌ನಿಂದ ಕಂಪಾಸ್ ಎಂಬ ಬಹಿರಂಗ ಅಂಕ ಪದ್ಧತಿ ಬಂದಿದೆ, ಯಾವ ಸಂಬಳಕ್ಕೆ, ಯಾವ ವಿದ್ಯಾರ್ಹತೆಗೆ ಎಷ್ಟು ಅಂಕ ಎಂದು ಯಾರು ಬೇಕಾದರೂ ಎಣಿಸಬಹುದು. ಪಿಆರ್ ವಿಷಯದಲ್ಲಿ ಕೌಟುಂಬಿಕ ನಂಟು, ಆರ್ಥಿಕ ಕೊಡುಗೆ, ವಿದ್ಯಾರ್ಹತೆ, ವಯಸ್ಸು, ವಾಸದ ಅವಧಿ ಎಂಬ ತಲೆಬರಹಗಳಷ್ಟೇ ಇವೆ, ಯಾವುದಕ್ಕೆ ಎಷ್ಟು ತೂಕ ಎಂಬುದು ಇಲ್ಲ, ನಿರಾಕರಿಸಿದಾಗ ಕಾರಣವೂ ಇಲ್ಲ. 2005ರ ಭಾರತ–ಸಿಂಗಪುರ ಸಮಗ್ರ ಆರ್ಥಿಕ ಸಹಕಾರ ಒಪ್ಪಂದವು ಭಾರತೀಯರಿಗೆ ಪಿಆರ್‌ನ ರಾಜಮಾರ್ಗ ತೆರೆಯಿತೆಂಬ ಮಾತು ಅಲ್ಲಿನ ರಾಜಕೀಯದಲ್ಲೂ ನಮ್ಮ ಮಾತುಕತೆಯಲ್ಲೂ ಆಗಾಗ ಕೇಳಿಬರುತ್ತದೆ. ಎಂಪ್ಲಾಯ್‌ಮೆಂಟ್ ಪಾಸ್ ಪಡೆದವರಲ್ಲಿ ಭಾರತೀಯರ ಪಾಲು 2005ರಲ್ಲಿ ಏಳನೇ ಒಂದರಷ್ಟಿದ್ದದ್ದು 2020ರಲ್ಲಿ ನಾಲ್ಕನೇ ಒಂದರಷ್ಟಾದದ್ದು ನಿಜವಾದರೂ ಆ ಒಪ್ಪಂದದಲ್ಲಿ ಪಿಆರ್ ಕೊಡಬೇಕೆಂಬ ಯಾವ ಬಾಧ್ಯತೆಯೂ ಇಲ್ಲ.

ಈ ಅಸ್ಪಷ್ಟತೆಯೇ ಏಜೆಂಟರ ಬಂಡವಾಳ. ಅವರ ಮೂಲಕ ಬಂದ ಅರ್ಜಿಗೆ ವಿಶೇಷ ಮನ್ನಣೆಯಿಲ್ಲವೆಂದು ಪ್ರಾಧಿಕಾರವೇ ಹೇಳಿದ್ದರೂ ಕುಟುಂಬಗಳು ಕಾಗದದ ಕಟ್ಟಿನ ಮೇಲೆಯೇ ಹಣವನ್ನೂ ನಿದ್ದೆಯನ್ನೂ ಕಳೆಯುತ್ತವೆ. ಕರ್ನಾಟಕದವರ ಕಾಗದದ ತೊಡಕುಗಳು ನಿಜವಾದವೇ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ, ತಂದೆಯ ಹೆಸರುಗಳ ಮೊದಲಕ್ಷರವಾಗಿ ಕೂತದ್ದು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು ಮನೆತನದ ಹೆಸರಾಗುತ್ತದೆ, ಮದುವೆಯ ಪ್ರಮಾಣಪತ್ರದಲ್ಲಿ ಮೂರನೆಯ ರೂಪ ತಾಳುತ್ತದೆ, ಮನೆಯಲ್ಲೇ ಹೆರಿಗೆಯಾಗಿ ಜನನ ನೋಂದಣಿಯೇ ಆಗದವರು 1969ರ ಜನನ ಮತ್ತು ಮರಣಗಳ ನೋಂದಣಿ ಕಾಯ್ದೆಯ ತಡ ನೋಂದಣಿಯ ದಾರಿ ಹಿಡಿದು ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ಆದರೆ ಇವೆಲ್ಲ ಒಮ್ಮೆ ಬಗೆಹರಿಸಿದರೆ ಮುಗಿಯುವ ಕೆಲಸಗಳು. ಮುಗಿಯದ ಕೆಲಸವೆಂದರೆ ಐದೈದು ವರ್ಷಕ್ಕೊಮ್ಮೆ ಬರುವ ನವೀಕರಣ, ಅದನ್ನು ಯಾವ ಏಜೆಂಟನೂ ಮೊದಲ ದಿನ ವಿವರಿಸುವುದಿಲ್ಲ.

ಪಿಆರ್‌ಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಮನೆ ಕೊಳ್ಳುವಾಗ ತೆರುವ ಹೆಚ್ಚುವರಿ ಮುದ್ರಾಂಕ ಶುಲ್ಕ 2023ರ ಏಪ್ರಿಲ್ 27ರಿಂದ ವಿದೇಶಿಯರಿಗೆ ಶೇ 60 ಇರುವಾಗ, ಮೊದಲ ಮನೆ ಕೊಳ್ಳುವ ಪಿಆರ್‌ಗೆ ಅದು ಶೇ 5 ಮಾತ್ರ. ಈ ಅಂತರವೊಂದೇ ಅರ್ಜಿ ಹಾಕಲು ಸಾಕಷ್ಟು ಕಾರಣ. ಆದರೆ ಇಲ್ಲಿಯೂ ಜಗಲಿಯ ಎಲ್ಲೆ ಕಾಣುತ್ತದೆ: ಸರ್ಕಾರಿ ವಸತಿ ಮಂಡಳಿಯ ಹೊಸ ಫ್ಲಾಟ್ ಪಿಆರ್ ಕುಟುಂಬಕ್ಕಿಲ್ಲ, ಮರುಮಾರಾಟದ ಫ್ಲಾಟಿಗೂ ಮೂರು ವರ್ಷ ಕಾಯಬೇಕು.

ಗಂಡುಮಕ್ಕಳಿರುವ ಮನೆಗಳಲ್ಲಿ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಉದ್ಯೋಗದ ಆಧಾರದ ಮೇಲೆ ಪಿಆರ್ ಪಡೆದ ತಂದೆಗೆ ಕಡ್ಡಾಯ ಸೈನಿಕ ಸೇವೆಯಿಂದ ವಿನಾಯಿತಿಯಿದೆ, ಅವನ ಮೂಲಕ ಪಿಆರ್ ಪಡೆದ ಮಗನಿಗೆ ಇಲ್ಲ. ಮಗ ಹದಿನಾರೂವರೆ ವಯಸ್ಸಿಗೆ ನೋಂದಾಯಿಸಿಕೊಂಡು ಮುಂದೆ ಎರಡು ವರ್ಷ ಪೂರ್ಣಾವಧಿ ಸೇವೆ ಸಲ್ಲಿಸಬೇಕು, ಸೇವೆ ಮಾಡದೆ ಪಿಆರ್ ಬಿಟ್ಟರೆ ಮುಂದೆ ಅಲ್ಲಿ ಓದಲು ಅಥವಾ ಕೆಲಸ ಮಾಡಲು ಕೇಳುವ ಅರ್ಜಿಗಳ ಮೇಲೆ ಅದರ ನೆರಳು ಬೀಳುತ್ತದೆ. ಐದು ವರ್ಷದ ಕೂಸಿನ ಪರವಾಗಿ ಹೆತ್ತವರು ಹಾಕುವ ಸಹಿ ಹದಿಮೂರು ವರ್ಷದ ಬಳಿಕ ಆ ಹುಡುಗನ ಬಾಳಿನ ಎರಡು ವರ್ಷವನ್ನು ನಿರ್ಧರಿಸುತ್ತದೆ ಎಂಬುದನ್ನು ಅರ್ಜಿಯ ದಿನವೇ ಮನೆಯಲ್ಲಿ ಮಾತಾಡಬೇಕು.

ಹಾಗಾದರೆ ಹೊಸಿಲು ದಾಟಲು ಕನ್ನಡ ಕುಟುಂಬಗಳು ಹಿಂಜರಿಯುವುದೇಕೆ? ಎರಡೂ ದೇಶಗಳು ಇಬ್ಬಗೆ ಪೌರತ್ವ ಒಪ್ಪುವುದಿಲ್ಲ. ಸಿಂಗಪುರದ ಪೌರತ್ವ ಪಡೆಯುವವರು ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಬೇಕಿದ್ದರೆ ಸಾಗರೋತ್ತರ ಭಾರತೀಯ ನಾಗರಿಕ ಎಂಬ ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಆಗ ಊರಿನ ತೋಟ ಕೈತಪ್ಪುತ್ತದೆ ಎಂಬ ಭಯ ಮಲೆನಾಡು, ಕರಾವಳಿಯ ಮನೆಗಳಲ್ಲಿ ಗಟ್ಟಿಯಾಗಿದೆ, ಆದರೆ ಕಾನೂನು ಬೇರೆಯೇ ಹೇಳುತ್ತದೆ: ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿಯ ನಿಯಮಗಳ ಪ್ರಕಾರ ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವ ನಿರ್ಬಂಧ ಒಸಿಐ ಕಾರ್ಡಿನವರಿಗೆ ಇರುವಂತೆಯೇ ಭಾರತದ ಪಾಸ್‌ಪೋರ್ಟ್ ಹಿಡಿದು ಹೊರಗೆ ನೆಲೆಸಿದ ಅನಿವಾಸಿಗೂ ಇದೆ, ಪಿತ್ರಾರ್ಜಿತವಾಗಿ ಬರುವ ಭೂಮಿಯನ್ನು ಪಡೆಯುವ ಅವಕಾಶವೂ ಇಬ್ಬರಿಗೂ ಇದೆ. ಅಂದರೆ ಪಾಸ್‌ಪೋರ್ಟ್ ಒಪ್ಪಿಸುವ ದಿನ ಕಳೆದುಕೊಳ್ಳುವುದು ಮತದ ಹಕ್ಕನ್ನು ಮತ್ತು ಪೌರನೆಂಬ ಹೆಸರನ್ನು, ಅವು ಸಣ್ಣ ನಷ್ಟಗಳಲ್ಲ. ಅಡಿಕೆ ತೋಟ ಕೊಳ್ಳುವ ಹಕ್ಕನ್ನು ಮಾತ್ರ ಆ ಕುಟುಂಬ ಪರದೇಶದಲ್ಲಿ ನೆಲೆ ನಿಂತ ದಿನವೇ ಬಿಟ್ಟಿರುತ್ತದೆ.

ಪ್ರತಿ ವರ್ಷ ಸೆಪ್ಟೆಂಬರಿನ ಜನಸಂಖ್ಯಾ ವರದಿಯಲ್ಲಿ ಸಿಂಗಪುರ ಸರ್ಕಾರ ಹೊಸ ಪಿಆರ್‌ಗಳ ಸಂಖ್ಯೆಯನ್ನು ತಪ್ಪದೆ ಪ್ರಕಟಿಸುತ್ತದೆ. ಆ ಸಾಲಿನ ಕೆಳಗೆ ನವೀಕರಣ ನಿರಾಕರಿಸಲ್ಪಟ್ಟವರ ಮತ್ತು 180 ದಿನ ಮೀರಿ ಸ್ಥಾನ ಕಳೆದುಕೊಂಡವರ ಸಂಖ್ಯೆಯನ್ನೂ ಸೇರಿಸಲು ಆಡಳಿತಕ್ಕೆ ಒಂದು ಪುಟ ಸಾಕು, ಹೊಸ ನಿಯಮದ ಮೊದಲ ವರ್ಷದ ಲೆಕ್ಕದಿಂದಲೇ ಅದನ್ನು ಆರಂಭಿಸಬಹುದು.