ಮುದಗಲ್ಲಿನ ಒಂದು ಅಂಗಡಿ, ನಾಲ್ಕು ಆ್ಯಪ್, ಒಂದು ಟ್ಯಾಲಿ: ಜೋಡಿಸುವ ಖರ್ಚು ಯಾರದು?

ಮುದಗಲ್ ಅಂದ್ರೆ ಹೊರಗಿನವರಿಗೆ ಕೋಟೆ ಮತ್ತು ಮೊಹರಂ. ನನಗೆ ಅದು ಅವ್ವನ ತವರು. ಈ ಸಲ ಹೋದಾಗ ಮಾವನ ಹೋಲ್‌ಸೇಲ್ ಅಂಗಡಿಯಲ್ಲಿ ಒಂದು ಸಂಜೆ ಕೂತಿದ್ದೆ. ಸಾಬೂನು, ಬಿಸ್ಕತ್ತು, ಚಹಾಪುಡಿ, ಎಣ್ಣೆ. ಸುತ್ತಲಿನ ಹಳ್ಳಿಗಳ ಕಿರಾಣಿ ಅಂಗಡಿಗಳಿಗೆ ಮಾಲು ಹೋಗುವುದು ಇಲ್ಲಿಂದಲೇ. ರಾತ್ರಿ ಒಂಬತ್ತಕ್ಕೆ ಶಟರ್ ಅರ್ಧ ಇಳಿಸಿದ ಮೇಲೆ ಅಲ್ಲಿ ಇನ್ನೊಂದು ಪಾಳಿ ಶುರುವಾಯಿತು.

ಲೆಕ್ಕ ಬರೆಯುವ ಹುಡುಗನ ಎಡಗೈಯಲ್ಲಿ ಮೊಬೈಲ್, ಮುಂದೆ ಕಂಪ್ಯೂಟರ್‌ನಲ್ಲಿ ಟ್ಯಾಲಿ. ನಾಲ್ಕು ಕಂಪನಿಗಳ ನಾಲ್ಕು ಆ್ಯಪ್‌ಗಳಲ್ಲಿ ದಿನವಿಡೀ ಬಂದ ಆರ್ಡರ್‌ಗಳನ್ನು ಒಂದೊಂದಾಗಿ ಓದಿ, ಟ್ಯಾಲಿಗೆ ಮತ್ತೆ ಟೈಪ್ ಮಾಡಬೇಕು. ಮುಗಿಯುವಾಗ ಹನ್ನೊಂದು ಗಂಟೆ.

"ಹಗಲೆಲ್ಲ ಮಾಲು ಹೊರ್ತೀವಿ, ರಾತ್ರಿ ಆ್ಯಪ್‌ನ್ಯಾಗಿಂದು ಟ್ಯಾಲಿಗೆ ಹೊರ್ತೀವಿ ನೋಡು ಅಳಿಯಾ. ಇದೂ ಹಮಾಲಿನೇ. ಕೂಲಿ ಮಾತ್ರ ಇಲ್ಲ," ಅಂದರು ಮಾವ.

ನಾನು ನಕ್ಕೆ, ಆದರೆ ಒಳಗೆ ಚುಚ್ಚಿತು. ಪತ್ರಿಕೋದ್ಯಮಕ್ಕೆ ಬರುವ ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಮಾಡುತ್ತಿದ್ದುದು ಇದೇ ಕೆಲಸ: ಸಗಟು ಆರ್ಡರ್ ತಗೊಳ್ಳುವ ಸಾಫ್ಟ್‌ವೇರ್ ಕಟ್ಟುವುದು. ನಮ್ಮ ಯೋಜನೆಯ ಕಡತದಲ್ಲಿ ಒಂದು ಸಾಲು ಇರುತ್ತಿತ್ತು: ಗ್ರಾಹಕರ ಹಳೆಯ ಲೆಕ್ಕದ ಜೊತೆ ಹೊಂದಾಣಿಕೆಯನ್ನು ಗ್ರಾಹಕರೇ ಮಾಡಿಕೊಳ್ಳತಕ್ಕದ್ದು. ಆ ಒಂದು ಸಾಲಿನ ಅರ್ಥ ಏನು ಅಂತ ನೋಡಿದ್ದು ಮುದಗಲ್ಲಿನ ಆ ರಾತ್ರಿಯಲ್ಲಿ.

ಜೋಡಿಸೋದು ಅಂದ್ರೆ ನಿಜಕ್ಕೂ ಏನು?

ಸಗಟು ವ್ಯಾಪಾರ ಮೊಬೈಲಿಗೆ ಬಂದು ಹತ್ತು ವರ್ಷ ಆಗ್ತಾ ಬಂತು. ಬೆಂಗಳೂರಿನಲ್ಲಿ ಉಡಾನ್ ಶುರುವಾಗಿದ್ದು 2016ರಲ್ಲಿ. ಹಿಂದೂಸ್ತಾನ್ ಯೂನಿಲಿವರ್‌ಗೆ ಶಿಖರ್ ಇದೆ, ಐಟಿಸಿಗೆ ಉನ್ನತಿ ಇದೆ. ಹಳ್ಳಿಯ ಅಂಗಡಿಯವರಿಗೆ ಇದರಿಂದ ಲಾಭವಿದೆ: ಸೇಲ್ಸ್‌ಮನ್ ಬರುವ ವಾರಕ್ಕೆ ಕಾಯಬೇಕಿಲ್ಲ, ತಮಗೆ ಬೇಕಾದಾಗ ಆರ್ಡರ್ ಹಾಕಬಹುದು. ಮಾವನೂ ಇದನ್ನು ಒಪ್ಪುತ್ತಾರೆ. ಅವರ ಅಂಗಡಿಯ ಆ್ಯಪ್‌ಗಳ ಹೆಸರು ಇಲ್ಲಿ ಬೇಡ. ಯಾವುದೋ ಒಂದು ಕಂಪನಿ ಸರಿಹೋದರೆ ತೀರುವ ಸಮಸ್ಯೆ ಇದಲ್ಲ.

ಇನ್ನೊಂದು ಕಡೆ ಟ್ಯಾಲಿ. 1986ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕಂಪನಿಯ ಸಾಫ್ಟ್‌ವೇರ್ ಇದು. ನಮ್ಮ ಕಡೆ ಕಿರ್ದಿ-ಖಾತೆಯ ಜಾಗಕ್ಕೆ ಬಂದದ್ದು ಇದೇ. ಇದಕ್ಕೆ ಹೊರಗಿನಿಂದ ಮಾಹಿತಿ ತಲುಪಿಸುವ ಬಾಗಿಲು ಇಲ್ಲ ಅನ್ನುವಂತಿಲ್ಲ. ಟ್ಯಾಲಿ ಎಕ್ಸ್‌ಎಂಎಲ್ ರೂಪದಲ್ಲಿ ಮಾಹಿತಿ ತಗೊಳ್ಳುತ್ತದೆ, ಕೊಡುತ್ತದೆ. ಸಾಮಾನ್ಯವಾಗಿ 9000 ಅನ್ನುವ ಪೋರ್ಟ್‌ನಲ್ಲಿ. ಕಂಪ್ಯೂಟರ್ ವಿದ್ಯಾರ್ಥಿಯೊಬ್ಬ ಒಂದು ವಾರದಲ್ಲಿ ಅಲ್ಲಿಗೆ ಒಂದು ಬಿಲ್ ಕಳಿಸಿ ತೋರಿಸಬಲ್ಲ. ಕಷ್ಟ ಶುರುವಾಗೋದು ಆಮೇಲೆ.

ಮೊದಲನೆಯದು, ಹೆಸರು. ಆ್ಯಪ್‌ನಲ್ಲಿ ಒಂದು ಸಾಬೂನಿಗೆ ಹತ್ತು ಅಂಕಿಯ ಕೋಡ್. ಟ್ಯಾಲಿಯಲ್ಲಿ ಅದೇ ಸಾಬೂನು 'ಕೆಂಪು ಸಣ್ಣದು' ಅಂತ ಇರುತ್ತದೆ, ಯಾಕಂದ್ರೆ ಎಷ್ಟೋ ವರ್ಷಗಳ ಹಿಂದೆ ಯಾರೋ ಹಾಗೆ ಬರೆದಿದ್ದರು. ಎರಡೂ ಒಂದೇ ಅಂತ ಯಂತ್ರಕ್ಕೆ ಯಾರು ಹೇಳಬೇಕು? ಮುದಗಲ್ಲಿನಿಂದ ಲಿಂಗಸುಗೂರು ದಾಟಿ ಸಿಂಧನೂರು ರಸ್ತೆ ಹಿಡಿದರೆ ಮಸ್ಕಿ ಸಿಗುತ್ತದೆ. 1915ರಲ್ಲಿ ಅಲ್ಲಿ ಶಾಸನ ಸಿಗುವ ತನಕ, ನಾಡಿನ ತುಂಬ ಬಂಡೆಗಳ ಮೇಲಿದ್ದ 'ದೇವಾನಾಂಪ್ರಿಯ'ನೇ ಅಶೋಕ ಅಂತ ಶಾಸನದ ಸಾಕ್ಷಿ ಇರಲಿಲ್ಲ. ಎರಡು ಹೆಸರು ಒಂದೇ ಕಡೆ ಕಾಣಿಸಿಕೊಂಡ ಆ ಒಂದು ಬಂಡೆಯೇ ಗಂಟು ಬಿಡಿಸಿತು. ಸಾಫ್ಟ್‌ವೇರ್ ಜೋಡಿಸುವವರಿಗೆ ಬೇಕಾದದ್ದೂ ಅಂಥದೇ ಒಂದು ಪಟ್ಟಿ. ಅಂಗಡಿಯ ಪ್ರತಿಯೊಂದು ಮಾಲಿಗೂ ಒಂದು ಮಸ್ಕಿ ಬೇಕು. ಆ ಪಟ್ಟಿಯನ್ನು ಯಾವ ಕಂಪನಿಯೂ ಮಾಡಿಕೊಡುವುದಿಲ್ಲ.

ಎರಡನೆಯದು, ಅಳತೆ. ಆ್ಯಪ್‌ನಲ್ಲಿ '2' ಅಂದರೆ ಎರಡು ಕೇಸ್. ಒಂದು ಕೇಸ್‌ಗೆ 48 ಪ್ಯಾಕೆಟ್ ಅಂದುಕೊಳ್ಳಿ. ಟ್ಯಾಲಿಯಲ್ಲಿ ಲೆಕ್ಕ ಪ್ಯಾಕೆಟ್‌ನಲ್ಲಿ ಇದ್ದರೆ, ಹೊಂದಾಣಿಕೆ ತಪ್ಪಿದ ಕಡೆ 96ರ ಬದಲು 2 ಕೂತುಬಿಡುತ್ತದೆ. 12 ಕೊಂಡರೆ 1 ಫ್ರೀ ಅನ್ನುವ ಸ್ಕೀಮ್ ಬಂದರೆ ಬಿಲ್ 12ಕ್ಕೆ, ಸ್ಟಾಕ್ ಇಳಿಯಬೇಕಾದದ್ದು 13. ಈ ಒಂದೊಂದು ಫ್ರೀ ಪ್ಯಾಕೆಟ್ ಲೆಕ್ಕದಲ್ಲಿ ಬಿಟ್ಟುಹೋದರೆ ವರ್ಷದ ಕೊನೆಗೆ ಗೋಡೌನ್‌ನಲ್ಲಿ ಇಲ್ಲದ ಮಾಲು ಪುಸ್ತಕದಲ್ಲಿ ಕಾಣುತ್ತದೆ.

ಮೂರನೆಯದು, ನೆಟ್‌ವರ್ಕ್. ಹಳ್ಳಿಯಲ್ಲಿ ಸಿಗ್ನಲ್ ಹೋಗಿ ಅಂಗಡಿಯವರು ಗುಂಡಿಯನ್ನು ಎರಡು ಸಲ ಒತ್ತಿದರೆ ಎರಡು ಆರ್ಡರ್ ಬೀಳಬಾರದು. ಪ್ರತಿ ಆರ್ಡರ್‌ಗೂ ಬದಲಾಗದ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಬಿಟ್ಟುಬಿಡುವ ಹಾಗೆ ಬರೆಯಬೇಕು. ಇತ್ತ ಮುದಗಲ್ಲಿನ ಅಂಗಡಿಯಲ್ಲಿ ಕರೆಂಟ್ ಹೋದರೆ ಕಂಪ್ಯೂಟರ್ ಬಂದ್. ಬೆಂಗಳೂರಿನ ಸರ್ವರ್ ಬಾಗಿಲು ತಟ್ಟುತ್ತಲೇ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ.

ನಾಲ್ಕನೆಯದು, ಉದ್ರಿ. ಆ್ಯಪ್ ಒಬ್ಬ ಅಂಗಡಿಯವನಿಗೆ 15 ದಿನದ ಸಾಲ ತೋರಿಸುತ್ತದೆ. ಆತ ರೊಕ್ಕ ಕೊಡೋದು ತೊಗರಿ ರಾಶಿ ಆದ ಮೇಲೆ ಅಂತ ಮಾವನಿಗೆ ಗೊತ್ತು, ಆ್ಯಪ್‌ಗೆ ಗೊತ್ತಿಲ್ಲ.

ಸರ್ಕಾರಕ್ಕೆ ಬೇಕಾದಾಗ ಎಲ್ಲವೂ ಜೋಡಣೆಯಾಯಿತು

ಇಷ್ಟು ಓದಿ, ಇದು ತಾಂತ್ರಿಕ ಸಮಸ್ಯೆ, ನಿಧಾನಕ್ಕೆ ಸರಿಹೋಗುತ್ತೆ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಅದೇ ಕಂಪ್ಯೂಟರ್‌ನಲ್ಲಿ ಒಂದು ಕೆಲಸ ತಡೆಯಿಲ್ಲದೆ ನಡೆಯುತ್ತದೆ: ಜಿಎಸ್‌ಟಿ ಇ-ಇನ್‌ವಾಯ್ಸ್.

2020ರ ಅಕ್ಟೋಬರ್ 1ರಂದು 500 ಕೋಟಿಗೂ ಹೆಚ್ಚಿನ ವಹಿವಾಟಿನ ಕಂಪನಿಗಳಿಂದ ಇದು ಶುರುವಾಯಿತು. 100 ಕೋಟಿ, 50 ಕೋಟಿ, 20 ಕೋಟಿ, 10 ಕೋಟಿ ಅಂತ ಇಳಿಯುತ್ತಾ 2023ರ ಆಗಸ್ಟ್ 1ಕ್ಕೆ 5 ಕೋಟಿ ದಾಟಿದವರಿಗೆಲ್ಲ ಕಡ್ಡಾಯವಾಯಿತು. ಸಗಟಿನಲ್ಲಿ ವಹಿವಾಟು ದೊಡ್ಡದು, ಲಾಭ ಸಣ್ಣದು. ಹಾಗಾಗಿ ಸಣ್ಣ ಊರಿನ ಅಂಗಡಿಗಳೂ ಈ ಲೆಕ್ಕಕ್ಕೆ ಬಂದವು. ಸರ್ಕಾರ ಇಡೀ ದೇಶಕ್ಕೆ ಒಂದೇ ನಮೂನೆ ಕೊಟ್ಟಿತು: ಬಿಲ್‌ನಲ್ಲಿ ಯಾವ ಮಾಹಿತಿ, ಯಾವ ಹೆಸರಿನಲ್ಲಿ, ಯಾವ ರೂಪದಲ್ಲಿ ಇರಬೇಕು ಅಂತ. ಟ್ಯಾಲಿ ಸೇರಿ ಎಲ್ಲ ಲೆಕ್ಕದ ಸಾಫ್ಟ್‌ವೇರ್‌ಗಳೂ ಆ ನಮೂನೆಗೆ ಬಾಗಿದವು. ಬಿಲ್ ಹೋಗುತ್ತದೆ, 64 ಅಕ್ಷರದ ಗುರುತು ಮತ್ತು ಕ್ಯೂಆರ್ ಕೋಡ್ ವಾಪಸ್ ಬರುತ್ತದೆ.

ಅಂದರೆ ಮೂರು ವರ್ಷದೊಳಗೆ ಸಾವಿರಾರು ಊರುಗಳ ಅಂಗಡಿಗಳ ಲೆಕ್ಕ ಒಂದೇ ಜಾಗಕ್ಕೆ ಜೋಡಣೆಯಾಯಿತು. ತೆರಿಗೆಗೆ ಸಾಧ್ಯವಾದದ್ದು ಆರ್ಡರ್‌ಗೆ ಯಾಕೆ ಆಗಲಿಲ್ಲ? ತೆರಿಗೆಯ ವಿಷಯದಲ್ಲಿ ಕಡ್ಡಾಯ ಮಾಡುವ ಶಕ್ತಿ ಇದ್ದವರಿಗೇ ಅದರ ಲಾಭವೂ ಇತ್ತು. ಆರ್ಡರ್‌ನ ವಿಷಯದಲ್ಲಿ ಶಕ್ತಿ ಕಂಪನಿಗಳದ್ದು, ರಾತ್ರಿ ಪಾಳಿ ಅಂಗಡಿಯದ್ದು. ಟೈಪ್ ಮಾಡುವ ಕೂಲಿಯನ್ನು ಬೇರೆಯವರು ಕೊಡುತ್ತಿರುವಾಗ ಕಂಪನಿಗೆ ಅವಸರ ಯಾಕೆ ಇರಬೇಕು?

ಈ ಕಂದಕ ಎಷ್ಟು ದುಬಾರಿ ಅಂತ 2025ರ ಸೆಪ್ಟೆಂಬರ್ 22ರಂದು ಕಂಡಿತು. ಅಂದು ಜಿಎಸ್‌ಟಿ ದರ ಬದಲಾಗಿ ಸಾಬೂನು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು 18ರಿಂದ 5 ಪರ್ಸೆಂಟ್‌ಗೆ ಇಳಿದವು. ಜನರಿಗೆ ಒಳ್ಳೆಯ ಸುದ್ದಿ. ಮಾವನ ಅಂಗಡಿಯಲ್ಲಿ ಆ್ಯಪ್‌ಗಳು ತಮ್ಮ ಪಾಡಿಗೆ ಹೊಸ ದರಕ್ಕೆ ಹೋದವು, ಟ್ಯಾಲಿಯಲ್ಲಿದ್ದ ಮಾಲುಗಳ ದರವನ್ನು ಕೂತು ತಿದ್ದಬೇಕಾಯಿತು. ಎರಡರ ನಡುವೆ ಒಂದು ಸಾಲು ತಪ್ಪಿದರೂ ಉತ್ತರ ಕೊಡಬೇಕಾದವರು ಬಿಲ್ ಹರಿದವರು.

ಜೋಡಣೆ ಅಂದರೆ ಭಯವೂ ಹೌದು

"ಹಂಗಾದ್ರ ಎಲ್ಲಾ ಜೋಡಿಸಿಬಿಟ್ರ ಚಲೋ ಅಲ್ಲಾ?" ಅಂತ ನಾನು ಕೇಳಿದೆ. ಮಾವ ಒಂದು ಕ್ಷಣ ಸುಮ್ಮನಾದರು. "ಜೋಡಿಸಿದ್ರ ನನ್ನ ಗಿರಾಕಿ ಯಾರು, ಎಷ್ಟು ಉದ್ರಿ, ಯಾವಾಗ ಕೊಡ್ತಾನ, ಎಲ್ಲಾ ಅವರಿಗೆ ಗೊತ್ತಾಗ್ತದ. ಆಮ್ಯಾಲ ನಾ ಯಾಕ ಬೇಕು?"

ಇದು ಒಬ್ಬರ ಅನುಮಾನ ಅಲ್ಲ. 2021ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಗ್ರಾಹಕ ಉತ್ಪನ್ನ ವಿತರಕರ ಒಕ್ಕೂಟ ದೊಡ್ಡ ಕಂಪನಿಗಳಿಗೆ ಪತ್ರ ಬರೆದು, ಆನ್‌ಲೈನ್ ಸಗಟು ಕಂಪನಿಗಳಿಗೆ ಕೊಡುವ ದರವನ್ನೇ ನಮಗೂ ಕೊಡಿ, ಇಲ್ಲದಿದ್ದರೆ ಅಸಹಕಾರ ಅಂತ ಎಚ್ಚರಿಸಿತ್ತು. ಮಾಹಿತಿ ಒಂದು ಕಡೆಗೆ ಮಾತ್ರ ಹರಿದರೆ ನಡುವಿನವನು ಬರೀ ಗೋಡೌನ್ ಕಾಯುವವನಾಗುತ್ತಾನೆ.

ಸರ್ಕಾರದ ಕಡೆಯಿಂದಲೂ ಭಯ ಇದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಅಂಗಡಿಗಳ ಮುಂದೆ 'ಕ್ಯಾಶ್ ಮಾತ್ರ' ಬೋರ್ಡ್ ಬಿದ್ದದ್ದು, ಕೊನೆಗೆ ಮುಖ್ಯಮಂತ್ರಿಯೇ ವ್ಯಾಪಾರಿಗಳ ಜೊತೆ ಕೂತು ಮಾತಾಡಬೇಕಾದದ್ದು ನಿಮಗೆ ನೆನಪಿರಬಹುದು. ತೆರಿಗೆ ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಿಜಿಟಲ್ ಆಗಿ ಅಂತ ಹುರಿದುಂಬಿಸಿದವರೇ ಮುಂದೊಂದು ದಿನ ಅದೇ ದಾಖಲೆ ಹಿಡಿದು ಬರುತ್ತಾರೆ ಅನ್ನುವ ಪಾಠ ಅಂಗಡಿಗಳಲ್ಲಿ ಉಳಿದಿದೆ.

ಹಾಗಾದರೆ ಕೇಳಬೇಕಾದದ್ದು ಏನು?

ಒಂದು, ಆರ್ಡರ್‌ಗೂ ಒಂದು ಸಾರ್ವಜನಿಕ ನಮೂನೆ. ಇದಕ್ಕೆ ಅಡಿಪಾಯ ಇಲ್ಲದಿಲ್ಲ. 2021ರ ಡಿಸೆಂಬರ್ 31ರಂದು ನೋಂದಣಿಯಾದ ಒಎನ್‌ಡಿಸಿ, ಬೆಕ್ನ್ ಅನ್ನುವ ಮುಕ್ತ ನಿಯಮಾವಳಿಯ ಮೇಲೆ ನಿಂತಿದೆ. 2022ರ ಸೆಪ್ಟೆಂಬರ್‌ನಲ್ಲಿ ಅದನ್ನು ಮೊದಲು ಜನರಿಗೆ ತೆರೆದದ್ದು ಬೆಂಗಳೂರಿನಲ್ಲೇ. ಆದರೆ ಸೇರುವುದು ಐಚ್ಛಿಕ. ಸ್ವಂತ ಆ್ಯಪ್ ಇರುವ ದೊಡ್ಡ ಕಂಪನಿ ತನ್ನ ವಿತರಕನಿಗೆ ಆ ರೂಪದಲ್ಲಿ ಆರ್ಡರ್ ಕೊಡಲೇಬೇಕು ಅನ್ನುವ ಕಟ್ಟುಪಾಡು ಇಲ್ಲ. ಇ-ಇನ್‌ವಾಯ್ಸ್ ಹಾಗೆ ಇದನ್ನೂ ದೊಡ್ಡವರಿಂದ ಶುರುಮಾಡಿ ಕಡ್ಡಾಯ ಮಾಡಬಹುದು.

ಎರಡು, ನನ್ನ ಲೆಕ್ಕ ನನಗೆ ವಾಪಸ್ ಪಡೆಯುವ ಹಕ್ಕು. 2018 ಮತ್ತು 2019ರ ದತ್ತಾಂಶ ರಕ್ಷಣೆ ಕರಡುಗಳಲ್ಲಿ ವ್ಯಕ್ತಿಯೊಬ್ಬ ತನ್ನ ಮಾಹಿತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಹಕ್ಕು ಇತ್ತು. 2023ರ ಕಾಯ್ದೆಯಲ್ಲಿ ಅದು ಕಾಣೆಯಾಯಿತು. ಅಂಗಡಿಯ ವ್ಯಾಪಾರದ ಮಾಹಿತಿಯಂತೂ ಆ ಚರ್ಚೆಗೇ ಬರಲಿಲ್ಲ. ಮಾವ ನಾಳೆ ಒಂದು ಆ್ಯಪ್ ಬಿಟ್ಟರೆ, ಅದರಲ್ಲಿರುವ ವರ್ಷಗಳ ಆರ್ಡರ್ ಇತಿಹಾಸವನ್ನು ಟ್ಯಾಲಿಗೆ ಹಾಕಿಕೊಳ್ಳುವ ರೂಪದಲ್ಲಿ ಕೇಳಿ ಪಡೆಯುವ ಹಕ್ಕು ಅವರಿಗೆ ಬೇಕು.

ಮೂರು, ಖರ್ಚು ಹಾಕಬೇಕಾದವರು ಯಾರು ಅನ್ನುವುದು ಒಪ್ಪಂದದಲ್ಲೇ ಬರಬೇಕು. ಆ್ಯಪ್ ಬಳಸಲೇಬೇಕು ಅನ್ನುವ ಕಂಪನಿಯೇ ಜೋಡಣೆಯ ಹೊಣೆಯನ್ನೂ ಹೊರಬೇಕು.

ಇದೆಲ್ಲ ತಕ್ಷಣ ಆಗುವ ಕೆಲಸ ಅಂತ ನಾನು ಹೇಳುತ್ತಿಲ್ಲ. ಕರ್ನಾಟಕದ ಎಪಿಎಂಸಿಗಳನ್ನು ಆನ್‌ಲೈನ್ ಮಾಡಿದ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಬಂತು. ಕೇಂದ್ರದ ಇ-ನಾಮ್ 2016ರ ಏಪ್ರಿಲ್‌ನಲ್ಲಿ ಬಂತು. ಎರಡರ ನಡುವೆ ವಹಿವಾಟಿನ ಕೊಂಡಿಗೆ ಚಾಲನೆ ಸಿಕ್ಕಿದ್ದು 2020ರ ಮೇನಲ್ಲಿ. ಎರಡು ಸರ್ಕಾರಗಳಿಗೇ ನಾಲ್ಕು ವರ್ಷ ಬೇಕಾದ ಕೆಲಸವನ್ನು, ಮುದಗಲ್ಲಿನ ಲೆಕ್ಕದ ಹುಡುಗ ಪ್ರತಿ ರಾತ್ರಿ ಎರಡು ಗಂಟೆಯಲ್ಲಿ ಕೈಯಿಂದ ಮಾಡಿ ಮುಗಿಸುತ್ತಿದ್ದಾನೆ.

ಡಿಜಿಟಲ್ ಇಂಡಿಯಾದ ಬಗ್ಗೆ ನಾವು ಮಾತಾಡುವಾಗ ಎಷ್ಟು ಆ್ಯಪ್ ಬಂದವು, ಎಷ್ಟು ಕೋಟಿ ವಹಿವಾಟು ಆಯಿತು ಅಂತ ಎಣಿಸುತ್ತೇವೆ. ಎರಡು ಆ್ಯಪ್‌ಗಳ ನಡುವೆ ಕೂತು ಟೈಪ್ ಮಾಡುವವರನ್ನು ಯಾರೂ ಎಣಿಸುವುದಿಲ್ಲ. ಅವತ್ತು ಹನ್ನೊಂದಕ್ಕೆ ಆ ಹುಡುಗ ಕಂಪ್ಯೂಟರ್ ಆರಿಸಿ ಸೈಕಲ್ ಹತ್ತಿದ. ಅಷ್ಟರಲ್ಲೇ ಮಾವನ ಫೋನ್ ಟಿಣ್ ಅಂತು. ಹೊಸ ಆರ್ಡರ್. "ನಾಳೆ ನೋಡೂಣು," ಅಂದು ಶಟರ್ ಪೂರ್ತಿ ಎಳೆದರು.